ವೈನಿಯ ಹೆಗಲ ಮೇಲಿನ ಸೂಜಿಗಳು

ನಮ್ಮ ವೈನಿಯ ಎಡ ಹೆಗಲ ಮೇಲೆ ಸದಾ ಐದಾರು ಸೂಜಿಗಳಿರುತ್ತಿದ್ದವು. ಕುಪ್ಪಸದ ಬಟ್ಟೆಗೆ ಸಾಲಾಗಿ ಚುಚ್ಚಿಟ್ಟ ದಪ್ಪ ಸೂಜಿಗಳು. ಒಂದೊಂದರಿಂದಲೂ ಒಂದೊಂದು ಬಣ್ಣದ ದಾರ ಇಳಿಬಿದ್ದಿರುತ್ತಿತ್ತು. ಓಣಿಯ ಮಕ್ಕಳು ಅವರ ಕೊರಳಿಗೆ ಜೋತುಬೀಳುವಾಗ ಬಲಗಡೆಯಿಂದಲೇ ಬರುತ್ತಿದ್ದರು. ಕೆಂಪು ದಾರ ಎದುರುಮನೆಯ ಶಾಂತಕ್ಕನವರ ಕೌದಿಯದು, ಹಸಿರು ಹೌಸಾಬಾಯಿಯದು, ಬಿಳಿಯದು ವೈನಿಯದೇ. ಒಂದು ಕೌದಿ ಮುಗಿಸಿ ಇನ್ನೊಂದು ಹಿಡಿಯುವುದು ಅವರಿಗೆ ಗೊತ್ತೇ ಇರಲಿಲ್ಲ. ಎಲ್ಲವೂ ಒಟ್ಟಿಗೇ ನಡೆಯಬೇಕು, ಯಾವುದೂ ಮುಗಿಯಬಾರದು.

ಗಡಹಿಂಗ್ಲಜದ ಒಂದು ಹಳೆಯ ವಾಡೆಯ ಮುಂಭಾಗದಲ್ಲಿ ನಮಗೆ ಬಾಡಿಗೆಗೆ ಎರಡು ಖೋಲಿಗಳಿದ್ದವು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದ್ದು ಈ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ನೀಲವ್ವ. ಅಣ್ಣ ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಜ್ವರದಿಂದ ಹೋದ. ಮಕ್ಕಳಿರಲಿಲ್ಲ. ಅವನ ಅಂಗಿ, ಧೋತರಗಳನ್ನೆಲ್ಲ ವೈನಿ ತಮ್ಮ ಕೌದಿಯೊಳಗೆ ಹಾಕಿಕೊಂಡಿದ್ದರು. ಬಿಳಿ ದಾರದ ಕೌದಿ ಅದೇ.

ಮಧ್ಯಾಹ್ನ ಊಟ ಮುಗಿದು ಭಾಂಡೆ ತೊಳೆದ ಸದ್ದು ನಿಂತರೆ ಹೆಂಗಸರು ಒಬ್ಬೊಬ್ಬರೇ ಬರುತ್ತಿದ್ದರು. ಯಾರು ಬಂದರೆ ಅವರ ಕೌದಿ ನೆಲದ ಮೇಲೆ ಹರಡಿಕೊಳ್ಳುತ್ತಿತ್ತು. ಬಂದವರು ಆ ಕಡೆಯ ಅಂಚು ಹಿಡಿಯಬೇಕು, ವೈನಿ ಈ ಕಡೆ ಕೂರಬೇಕು. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ಒಳಕ್ಕೆ ಸಾಗುವುದು.

"ಏನ್ರೀ ನೀಲವ್ವಾರ, ಮಗಳ ಬಾಣಂತನಕ್ಕಂತ ಅರಿವಿ ಕೊಟ್ಟಿದ್ದೆ. ಆ ಕೂಸು ಈಗ ಪಾಟಿ ಹಿಡಕೊಂಡು ಸಾಲಿಗೆ ಹೊಂಟೈತಿ," ಎಂದು ಶಾಂತಕ್ಕ ಚುಚ್ಚುವರು. ಅವರು ಜೈನರ ಮನೆಯವರು, ಗಂಡನದು ಕಿರಾಣಿ ಅಂಗಡಿ. ಮಾತು ತೂಕಕ್ಕೆ ಸರಿಯಾಗಿ ಇರುತ್ತಿತ್ತು.

"ಹೋಗ್ಲಿ ಬಿಡ್ರಿ. ಬಾಣಂತನಕ್ಕ ಆಗ್ಲಿಲ್ಲ, ಅದರ ಮದ್ವಿಗೆ ಆಗ್ತೈತಿ. ಆ ಮೂಲಿ ಜಗ್ಗಿ ಹಿಡೀರಿ ಸ್ವಲ್ಪ."

ಹೌಸಾಬಾಯಿ ಮರಾಠಿಯವರು. ಕೌದಿಗೆ ವಾಕಳ ಎನ್ನುತ್ತಿದ್ದರು. "ಅಗಂ ನೀಲಾ, ಮಾಝಿ ವಾಕಳ ಕಧೀ ಹೋಣಾರ ಗಂ?" ಎಂದು ದಿನವೂ ಅದೇ ಪ್ರಶ್ನೆ, ನನ್ನ ಕೌದಿ ಯಾವಾಗ ಆಗುವುದೇ ಎಂದು.

"ಹೋಈಲ ಗಂ, ಘಾಈ ಕಸಲಿ?" ಎಂದು ವೈನಿಯದು ದಿನವೂ ಅದೇ ಉತ್ತರ. ಆಗುತ್ತದೆ ಬಿಡೇ, ಅವಸರವೇನು. ಆಮೇಲೆ ತಲೆ ಓರೆ ಮಾಡಿ ಕೌದಿ ನೋಡಿ, "ಇಲ್ಲೊಂದು ಕೆಂಪು ತುಂಡು ಇದ್ರ ಛಲೋ ಕಾಣ್ತಿತ್ತು. ನಾಳಿಗೆ ಹುಡುಕಿ ತಾ," ಎನ್ನುವರು. ಮರುದಿನ ಹೌಸಾಬಾಯಿ ಕೆಂಪು ತುಂಡು ಹಿಡಿದು ಬರಲೇಬೇಕಲ್ಲ. ಆ ಕೆಂಪು ತುಂಡು ಅಲ್ಲಿ ಬೇಕೇ ಇರಲಿಲ್ಲವೆಂದು ನನಗೆ ತಿಳಿಯುವ ಹೊತ್ತಿಗೆ ನನ್ನ ತಲೆ ನೆರೆತಿತ್ತು.

ಹಾಗೆಂದು ಕೌದಿ ಎಂದೂ ಮುಗಿಯುತ್ತಲೇ ಇರಲಿಲ್ಲ ಎಂದಲ್ಲ. ವರ್ಷಕ್ಕೆ ಒಂದೋ ಎರಡೋ ಮುಗಿಯುತ್ತಿದ್ದವು. ನಮ್ಮ ಓಣಿಯಲ್ಲಿ ಅದಕ್ಕೊಂದು ಪದ್ಧತಿಯಿತ್ತು. ನಟ್ಟನಡುವೆ ಅಂಗೈಯಗಲ ಜಾಗ ಹೊಲಿಯದೆ ಬಿಡುತ್ತಿದ್ದರು. ಅದು ಕೌದಿಯ ಹೊಟ್ಟೆ. ಕೌದಿ ಯಾರದೋ ಆ ಮನೆಯಾಕೆ ಬಂದು ತನ್ನ ಕೈಯಾರೆ ನಾಲ್ಕು ಕಾಳು ಜೋಳ ಅದರೊಳಗೆ ಹಾಕಬೇಕು. ಆಗ ವೈನಿ ಹೊಟ್ಟೆ ಮುಚ್ಚಿ ಹೊಲಿಯುವರು. ಮನೆಯಾಕೆ ವೈನಿಗೆ ಉಣ್ಣಿಸಿ ಕೌದಿ ಒಯ್ಯುವಳು. ಕಾಳು ಹಾಕದೆ ಮುಚ್ಚಿದ್ದು ಹಸಿದ ಕೌದಿ. ಸಂಬಂಧ ಹರಿದುಕೊಂಡವರ ಮನೆಗೆ ಮಾತ್ರ ಅಂಥದನ್ನು ಕಳಿಸುತ್ತಿದ್ದರು.

ಇದೆಲ್ಲ ನೋಡುತ್ತಲೇ ಬೆಳೆದವನು ನಾನು. ನೋಡಿದ್ದೆ, ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ.

ಮೆಟ್ರಿಕ್ ಪಾಸಾಗಿ ಇಚಲಕರಂಜಿಯಲ್ಲಿ ಒಂದು ಮಗ್ಗದ ಕಾರಖಾನೆಯ ಆಫೀಸಿಗೆ ಗುಮಾಸ್ತನಾಗಿ ಸೇರಿದೆ. ಇಸ್ತ್ರಿ ಅಂಗಿ, ಕೊಲ್ಹಾಪುರದ ಚಪ್ಪಲಿ ಬಂತು. ಜೊತೆಗೆ ನಾಚಿಕೆಯೂ ಬಂತು. ಕೊಲ್ಹಾಪುರದ ಒಂದು ಬೆಲ್ಲದ ವ್ಯಾಪಾರಿಗಳ ಮನೆಯಿಂದ ಹೆಣ್ಣಿನ ಮಾತು ಬಂದಾಗ, ಅವರು ಮನೆ ನೋಡಲು ಬರುತ್ತಾರೆಂದಾಗ, ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಅರೆಬರೆ ಕೌದಿಗಳು. ಗೂಟಕ್ಕೆ ಎರಡು, ಟ್ರಂಕಿನ ಮೇಲೆ ಎರಡು, ಬಾಗಿಲ ಹಿಂದೆ ಒಂದು ಮುದ್ದೆ. ಚಿಂದಿಯ ಮನೆಗೆ ಮಗಳನ್ನು ಕೊಡುತ್ತಾರೆಯೇ ಅನ್ನಿಸಿತು.

ಅದೇ ವಾರ ವೈನಿ ತವರಿಗೆ, ಸುಳಕೂಡಕ್ಕೆ ಹೋಗಿದ್ದರು. ನಾನು ರಜೆ ಹಾಕಿ ಬಂದೆ. ಊರೂರು ತಿರುಗಿ ಕೌದಿ ಹೊಲಿಯುವ ಹೆಂಗಸರು ಆಗ ಊರ ಹೊರಗೆ ಇಳಿದಿದ್ದರು. ಅವರನ್ನು ಕರೆತಂದು ಕೂರಿಸಿದೆ. ಎಷ್ಟು ಚುರುಕಿನ ಕೈ! ವೈನಿ ವರ್ಷಗಟ್ಟಲೆ ಎಳೆದದ್ದನ್ನು ಅವರು ಮಾತಾಡುತ್ತಾ ಮಾತಾಡುತ್ತಾ ಮುಗಿಸಿಬಿಟ್ಟರು. ಒಬ್ಬ ಮುದುಕಿ ನಡುವಿನ ಜಾಗ ತೋರಿಸಿ, "ಇದು ಹಂಗಽ ಇರ್ಲೇನ್ರಿ, ಸಾಹೇಬ್ರ?" ಎಂದು ಕೇಳಿದ್ದಳು.

"ಮುಚ್ಚಿಬಿಡು," ಎಂದೆ ನಾನು.

ಗಾಡಿಯ ಹಮಾಲನ ಕೈಯಲ್ಲಿ ಮನೆಮನೆಗೆ ಕಳಿಸಿದೆ. ವೈನಿಯ ಕೌದಿಯನ್ನು ಮಡಚಿ ಟ್ರಂಕಿನಲ್ಲಿಟ್ಟೆ. ಮನೆ ಭಣಭಣ ಎನ್ನುವಷ್ಟು ಸ್ವಚ್ಛವಾಯಿತು. ವೈನಿ ಖುಷಿಪಡುತ್ತಾರೆಂದು ನನಗೆ ನಾನೇ ಹೇಳಿಕೊಂಡೆ.

ಸಂಜೆ ವೈನಿ ಬಂದರು. ಕೈಯ ಗಂಟನ್ನು ಇಳಿಸದೆ ಒಳಗೆಲ್ಲ ನೋಡಿದರು.

"ಕೌದಿ?"

"ಎಲ್ಲಾ ಮುಗಿಸಿದೆ ವೈನಿ. ಅವರವರ ಮನೀಗೆ ಮುಟ್ಟಿಸಿದೆ."

"ಕಾಳು ಯಾರು ಹಾಕಿದ್ರು?"

ಅಷ್ಟರಲ್ಲಿ ಶಾಂತಕ್ಕ ಬಂದು ಬಾಗಿಲಲ್ಲಿ ನಿಂತರು. ಎರಡೂ ಕೈಯಲ್ಲಿ ಕೌದಿ, ಕೂಸು ಹಿಡಿದ ಹಾಗೆ. ಹೊಸ್ತಿಲು ದಾಟಲಿಲ್ಲ. ನಾನು ಒಳಖೋಲಿಗೆ ಸರಿದೆ.

"ಹೊಟ್ಟಿ ಒತ್ತಿ ನೋಡಿದ್ನಿ ನೀಲವ್ವಾರ. ಒಂದು ಕಾಳಿಲ್ಲ. ಹಮಾಲನ ಕೈಯಾಗ ಉಪವಾಸ ಕಳಿಸೀರಿ. ಮನೀಗೆ ಬರಬ್ಯಾಡ್ರಿ ಅಂತ ಬಾಯಿಲೆ ಅಂದಿದ್ರ ಸಾಕಾಗಿತ್ತು."

ನಾನು ಹೊರಗೆ ಬರಬೇಕಿತ್ತು. ಬಾಗಿಲ ಮರೆಯಲ್ಲಿ ಚೌಕಟ್ಟು ಹಿಡಿದು ನಿಂತೇ ಇದ್ದೆ.

"ನಾನಽ ಕಳಿಸಿದ್ನಿ, ಅಕ್ಕಾರ," ಎಂದರು ವೈನಿ. "ಮನ್ಯಾಗ ಲಗ್ನ ಬಂತು. ಜಾಗಾ ಬೇಕಾಗಿತ್ತು."

ಶಾಂತಕ್ಕ ಹೋದರು. ವೈನಿ ಒಳಗೆ ಬಂದು ಹೆಗಲ ಮೇಲಿನ ಸೂಜಿಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದರು. "ಹಂಗ ಯಾಕ ಅಂದ್ರಿ ವೈನಿ?" ಎಂದೆ, ಸಣ್ಣ ದನಿಯಲ್ಲಿ. "ಬೀಗರು ಬರೂ ಹೊತ್ತಿನ್ಯಾಗ ನಿನ್ನ ಹೆಸರು ಓಣ್ಯಾಗ ಆಡೂದು ಬ್ಯಾಡೋ ಬಾಳೂ," ಎಂದರು. "ಹಸಿವಾಗಿರಬೇಕು, ಕೈಕಾಲು ತೊಳಕೋ. ರೊಟ್ಟಿ ಬಡೀತೇನಿ."

ಬೀಗರು ಬಂದರು, ಮನೆ ನೋಡಿ ಮೆಚ್ಚಿದರು. ಮದುವೆಗೆ ಓಣಿಯ ಹೆಂಗಸರು ಪರಕೀಯರ ಹಾಗೆ ಬಂದು ಅಕ್ಷತೆ ಹಾಕಿ ಹೋದರು. ಇಚಲಕರಂಜಿಯಲ್ಲಿ ಸಂಸಾರ ಹೂಡಿದೆ, ವೈನಿಯನ್ನೂ ಕರೆದೆ. "ಇಲ್ಲೇ ಇರ್ತೇನಿ. ಯಾರರ ಬಂದ್ರ ಬಾಗಲಾ ತೆರೆದಿರ್ಬೇಕಲ್ಲ," ಎಂದರು. ಯಾರೂ ಬರಲಿಲ್ಲ. ಕೌದಿಗೆ ಅರಿವಿ ಕೊಡುವವರು ಈಗ ಚುರುಕು ಕೈಯ ಹೆಂಗಸರಿಗೇ ಕೊಡುತ್ತಿದ್ದರು.

ಊರಿಗೆ ಹೋದಾಗಲೆಲ್ಲ ವೈನಿ ಹೊಸ್ತಿಲ ಬಳಿ ತಮ್ಮದೊಂದೇ ಕೌದಿ ಹರಡಿಕೊಂಡು ಕೂತಿರುತ್ತಿದ್ದರು. ಹೆಗಲ ಮೇಲೆ ಒಂದೇ ಸೂಜಿ. ಒಮ್ಮೆ ನೋಡಿದರೆ ಹೊಲಿಗೆ ನಡುವಿನವರೆಗೆ ಬಂದಿರುತ್ತಿತ್ತು, ಇನ್ನೊಮ್ಮೆ ನೋಡಿದರೆ ಅಂಚಿನಲ್ಲಿರುತ್ತಿತ್ತು. ಹೊಲಿದು ಹೊಲಿದು ತಾವೇ ಬಿಚ್ಚುತ್ತಿದ್ದರು. ಬಟ್ಟೆಯ ತುಂಬ ಸೂಜಿಯ ತೂತುಗಳ ಸಾಲು.

ಕೊನೆಯ ಸಲ ಕಂಡಾಗ, "ಆ ಕಡೆ ಹಿಡಿಯೋ ಸ್ವಲ್ಪ. ಒಬ್ಬಾಕಿಗೆ ಜಗ್ಗೂದಾಗೂದಿಲ್ಲ," ಎಂದರು. ಹಿಡಿದೆ. ಸೂಜಿಯನ್ನೂ ಕೊಟ್ಟರು. ಒಂದಿಷ್ಟು ಹೊಲಿಗೆ ಹಾಕಿದೆ.

"ಅಯ್ಯ ನನ್ನಪ್ಪ, ಕೆಸರಾಗ ಕಾಗಿ ಓಡ್ಯಾಡಿದಂಗ ಆಗೈತಿ," ಎಂದು ನಕ್ಕರು. ಎಷ್ಟೋ ದಿನಗಳ ಮೇಲೆ ಆ ನಗೆ ಕೇಳಿದ್ದೆ. ಅದರ ಧೈರ್ಯದಿಂದಲೇ, "ಶಾಂತಕ್ಕಾರಿಗೆ ಹೋಗಿ ಖರೇ ಹೇಳ್ಲೇನು, ವೈನಿ?" ಎಂದೆ.

ವೈನಿ ಬೇಡ ಎನ್ನಲಿಲ್ಲ. ತಲೆಯೆತ್ತಿ ನನ್ನನ್ನೇ ನೋಡಿದರು. ಎದುರಿಗೆ ಶಾಂತಕ್ಕನವರ ಬಾಗಿಲು ತೆರೆದೇ ಇತ್ತು. ಇಚಲಕರಂಜಿಯ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. "ಮುಂದಿನ ಸಲ ಬಂದಾಗ ಹೇಳ್ತೇನ್ರಿ," ಎಂದೆ.

"ಹೂಂ. ಹುಷಾರಾಗಿ ಹೋಗು," ಎಂದರು.

ಮಳೆಗಾಲ ಮುಗಿಯುವುದರೊಳಗೆ ಸುದ್ದಿ ಬಂತು. ಕ್ರಿಯೆ ಎಲ್ಲ ಮುಗಿದ ಮೇಲೆ ಖೋಲಿ ಖಾಲಿ ಮಾಡುತ್ತಿದ್ದೆ. ಆಗ ಶಾಂತಕ್ಕ ಬಂದರು. ಅಷ್ಟು ವರ್ಷಗಳ ಮೇಲೆ ಮೊದಲ ಸಲ ಒಳಗೆ ಬಂದು, ನೆಲದ ಮೇಲಿದ್ದ ಬಿಳಿ ದಾರದ ಕೌದಿಯ ಮುಂದೆ ಕೂತರು. ಹೊಲಿಗೆಯೆಲ್ಲ ಬಿಚ್ಚಿತ್ತು, ಬರೀ ತೂತುಗಳು. ಒಂದು ಮೂಲೆಯಲ್ಲಿ ಮಾತ್ರ ಒಂದಿಷ್ಟು ಸೊಟ್ಟ ಹೊಲಿಗೆ ಹಾಗೇ ಉಳಿದಿತ್ತು.

"ಇದು ನೀಲವ್ವನ ಕೈ ಅಲ್ಲ. ಇದೊಂದು ಯಾಕ ಬಿಚ್ಚಿಲ್ಲ?"

"ಅದು ನನ್ನದ್ರಿ," ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಕರೆತಂದದ್ದು ಯಾರು, ಮುಚ್ಚಿಬಿಡು ಎಂದದ್ದು ಯಾರು, ಬಾಗಿಲ ಮರೆಯಲ್ಲಿ ನಿಂತದ್ದು ಯಾರು.

ಶಾಂತಕ್ಕ ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಕೇಳಿಸಿಕೊಂಡರು. ಬೈಯಲಿಲ್ಲ.

"ನಮ್ಮ ಓಣಿ ಎಷ್ಟು ಅಗಲ ಐತೋ ಬಾಳೂ, ದಾಟಾಕ ಇಷ್ಟು ವರ್ಷ ಹಿಡ್ಯಾಕ?" ಎಂದರು.

ಮೊಣಕಾಲ ಮೇಲೆ ಕೈಯೂರಿ ಎದ್ದು ಹೊರಟರು. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಅವರು ತಮ್ಮ ಮನೆಯ ಮೆಟ್ಟಿಲ ಮೇಲಿದ್ದರು.