ಬಾತುಗಳಿಗೆ ಬಿತ್ತಿದ ಭತ್ತ

ಕವಣೆ ಹಿಡಿದರೆ ನಮ್ಮತ್ತೆಯ ಗುರಿ ತಪ್ಪಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಮೂವತ್ತು ಸುಗ್ಗಿ ಜೋಳ ಕಾದ ಕೈ ಅದು. ಅಂಥವರ ಮುಂದೆ ನಿಂತು, "ಅತ್ತಿ, ಈ ವರ್ಷ ಹಕ್ಕಿಗೊಳಿಗೇ ಅಂತ ಒಂದು ಬೆಳಿ ಬಿತ್ತೂಣ್ರಿ" ಎಂದವಳು ನಾನು. ನಿಜಾಮರ ರಾಜ್ಯ ಇನ್ನೂ ಇದ್ದ ಕಾಲ. ನನಗೆ ಹತ್ತೊಂಬತ್ತು ವಯಸ್ಸು. ಬೇವೂರಿನಿಂದ ಈ ಕೆರೆಯ ಊರಿಗೆ ಸೊಸೆಯಾಗಿ ಬಂದು ಮೂರನೆಯ ವರ್ಷ. ಬಾಯಿ ಮಾತ್ರ ಮೊದಲ ದಿನದಿಂದಲೂ ಜೋರು.

ಕೆರೆಯ ದಂಡೆಗೆ ನಮ್ಮದೊಂದು ಎರೆಹೊಲ. ಕರಿಕೆ ಹುಲ್ಲು ಕಿತ್ತು ಕಿತ್ತು ಅದನ್ನು ಹಸನು ಮಾಡಿದವಳು ನಾನೇ, ಹಾಗಾಗಿ ಅದರ ಮೇಲೆ ನನಗೆ ವಿಪರೀತ ಮೋಹ. ಹಿಂಗಾರಿಗೆ ಅಲ್ಲಿ ಕಡಲೆ ಬಿತ್ತುತ್ತಿದ್ದೆವು. ಚಳಿ ಬೀಳುವ ಹೊತ್ತಿಗೆ, ತಲೆಯ ಮೇಲೆ ಎರಡು ಕರಿ ಪಟ್ಟೆಯ ದೊಡ್ಡ ಬಾತುಗಳು ಎಲ್ಲಿಂದಲೋ ಬಂದು ಕೆರೆಗಿಳಿಯುತ್ತಿದ್ದವು. ನಸುಕಿನಲ್ಲಿ ಹೊಲಕ್ಕೆ ನುಗ್ಗಿ ಎಳೆ ಕಡಲೆಯನ್ನು ಕುರಿ ಮೇಯ್ದಂತೆ ಬೋಳಿಸುತ್ತಿದ್ದವು. ಅತ್ತೆ ಕವಣೆ ಬೀಸಿದರೆ ಒಂದು ಸುತ್ತು ಹಾರಿ ಮತ್ತೆ ಅಲ್ಲಿಗೇ ಬರುತ್ತಿದ್ದವು. ಅವಕ್ಕಾದರೂ ಬೇರೆ ಮೇವು ಎಲ್ಲಿತ್ತು? ಎರಡು ವರ್ಷ ಹೀಗಾದ ಮೇಲೆ ಮಾವ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

"ಈ ಸಲಾನೂ ಹೋತಂದ್ರ ಆ ಹೊಲ ಬೀಳ ಬಿಡ್ತೀನಿ. ಹಕ್ಕಿ ಸಾಕಾಕ ನನ್ನ ಎತ್ತು ದುಡಿಯೂದಿಲ್ಲ."

ಕೈಯಾರೆ ಹಸನು ಮಾಡಿದ ಹೊಲವನ್ನು ಬೀಳು ಬಿಡಲು ನಾನು ಒಪ್ಪುವವಳಲ್ಲ.

ಗಂಗಾವತಿ ಕಡೆ, ಹೊಳೆಯ ಕಾಲುವೆ ಹರಿಯುವ ಊರಿಗೆ ಕೊಟ್ಟಿದ್ದ ನನ್ನ ಅಕ್ಕ ಹಬ್ಬಕ್ಕೆ ತವರಿಗೆ ಬಂದಾಗ ಈ ಗೋಳು ಹೇಳಿಕೊಂಡೆ. "ನಮ್ಮಲ್ಲಿ ನೆಲ್ಲಿನ ಗದ್ದ್ಯಾಗ ನೀರು ನಿಂತ್ರ ಸಾಕು, ಬಾತು ಅಲ್ಲೇ ಠಿಕಾಣಿ ಹೂಡ್ತಾವ. ಬ್ಯಾರೆ ಕಡೆ ಹಣಿಕಿನೂ ಹಾಕೂದಿಲ್ಲ" ಎಂದಳು. ನೆಲ್ಲು ಅಂದರೆ ಭತ್ತ. ಅವಳಿಂದ ಒಂದು ಗಂಟು ಬೀಜದ ಭತ್ತ ತರಿಸಿಕೊಂಡೆ. ಮುಂಗಾರಿನ ಮೊದಲ ಮಳೆಗೆ, ಕೆರೆಯ ನೀರು ತೆಳ್ಳಗೆ ಹರಡುವ ಮೂಲೆಯ ಕೆಸರಿನಲ್ಲಿ ಚೆಲ್ಲಿದೆ. ಎರೆನೆಲದ ನಮ್ಮೂರಲ್ಲಿ ಭತ್ತದ ಪೈರು ನೋಡಿದವರೇ ಕಡಿಮೆ. "ಹಕ್ಕಿಗೆ ಎಡಿ ಬಡಸಾಕ ಹೊಂಟಾಳ" ಎಂದು ಓಣಿಯವರು ನಕ್ಕರು. ನಗಲಿ ಬಿಡು ಎಂದುಕೊಂಡೆ. ಕೆರೆಗೆ ನೀರು ಬಂತು, ಪೈರು ನೀರಿನ ಜೊತೆಗೇ ಎದ್ದು ತೆನೆ ಹಾಕಿತು.

ಬಾತುಗಳೂ ಬಂದವು. ಆದರೆ ಹಾಳಾದವು ಭತ್ತ ಬಿಟ್ಟು ಮತ್ತೆ ನನ್ನ ಕಡಲೆಗೇ ಬಾಯಿ ಹಾಕಿದವು! ಮೂರನೆಯ ದಿನ ನಸುಕಿನಲ್ಲಿ ಕೆರೆಗೆ ಹೋಗಿ ನೋಡುತ್ತೇನೆ, ಏರಿಯ ಮೇಲೆ ಸೆರಗು ಬಿಗಿದು ನಿಂತು ನಮ್ಮತ್ತೆ ಕವಣೆ ಬೀಸುತ್ತಿದ್ದಾರೆ. ಭತ್ತಕ್ಕಿಳಿದ ಬಾತುಗಳೆಲ್ಲ ಎದ್ದು ನೇರ ಕಡಲೆ ಹೊಲಕ್ಕೆ ಹಾರುತ್ತಿವೆ.

"ಅತ್ತಿ, ಅದು ಅವಕ್ಕಂತನ ಬಿತ್ತಿದ್ದಲ್ರೀ!" ಎಂದು ಕಿರುಚಿದೆ.

ಅತ್ತೆಯ ಮುಖ ಸಣ್ಣದಾಯಿತು. "ಗೊತ್ತೈತವಾ. ತೆನಿ ಮ್ಯಾಲೆ ಹಕ್ಕಿ ಕಂಡ್ರ ಕೈ ತಡಿಯೂದಿಲ್ಲ ನೋಡು."

ಸಿಟ್ಟಿಗೆ ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಅವರ ರಟ್ಟೆ ಹಿಡಿದು ಕಡಲೆ ಹೊಲದ ಬದುವಿಗೆ ಕರೆತಂದು ನಿಲ್ಲಿಸಿದೆ. "ಇಲ್ಲಿಂದ ಬೀಸ್ರಿ. ಎಷ್ಟು ಬೇಕಷ್ಟು ಬೀಸ್ರಿ." ಅವರು ಬೀಸಿದರು. ಎದ್ದ ಹಿಂಡು ಒಂದು ಸುತ್ತು ಹಾಕಿ ಭತ್ತದಲ್ಲಿ ಇಳಿಯಿತು. ವಾರದೊಳಗೆ ಹೊಲದ ಕಡೆ ಬರುವುದನ್ನೇ ಬಿಟ್ಟಿತು, ಮೇಯ್ದ ಕಡಲೆಯೂ ಮತ್ತೆ ಚಿಗುರಿತು. ನಾನು ಓಣಿಯಲ್ಲೆಲ್ಲ ಬೀಗುತ್ತ ಓಡಾಡಿದೆ, ಸುಳ್ಳೇಕೆ ಹೇಳಲಿ.

ಎಳ್ಳಮವಾಸ್ಯೆಗೆ ಕಡುಬು, ಪಲ್ಯ ಕಲಸಿ, ಭೂಮಿತಾಯಿಗೆ ಎಡೆಯೆಂದು ಬೆಳೆಯ ಮೇಲೆ ಚರಗ ಚೆಲ್ಲುವುದು ನಮ್ಮ ಪದ್ಧತಿ. ಹಸಿರು ತುಂಬಿದ ಹೊಲದಲ್ಲಿ ಚರಗ ಚೆಲ್ಲಿ ಬಂದ ಮಾವ ನನ್ನ ಮುಖ ನೋಡದೆಯೇ ಹೇಳಿದರು: "ನಿಮ್ಮಕ್ಕಗ ಹೇಳಿ ಕಳಸು. ಬರೂ ವರ್ಷಕ್ಕ ಎರಡು ಗಂಟು ನೆಲ್ಲು ಬೇಕಂತ."

ಅತ್ತೆ ಮಾತ್ರ ಚರಗದ ಒಂದು ತುತ್ತು ಉಳಿಸಿಕೊಂಡು ಏರಿ ಹತ್ತಿದರು. ಸೊಂಟದ ಕವಣೆ ತೆಗೆದು, ಕಲ್ಲಿನ ಜಾಗದಲ್ಲಿ ಆ ತುತ್ತಿಟ್ಟು ಬೀಸಿದರು. ಹಿಂಡೆಲ್ಲ ಭರ್ರೆಂದು ಎದ್ದಿತು.

"ಕುಂದರ್ರೇ, ಈ ಸಲ ಉಣ್ಣಾಕ ಕೊಟ್ಟೇನಿ!" ಎಂದು ಅತ್ತೆ ಕೂಗಿದರು.

ಅವರ ಗುರಿ ಅಂದೂ ತಪ್ಪಲಿಲ್ಲ. ತುತ್ತು ಭತ್ತದ ನಟ್ಟನಡುವೆಯೇ ಬಿದ್ದಿತ್ತು.