ಖಾನಾಪುರದಲ್ಲೊಂದು ಮಾತು ನಿಂತ ಮನೆ

ಬೆಳಗಾವಿ ಸ್ಟೇಷನ್ನಿನಲ್ಲಿ ಇಳಿದಾಗ ಚಳಿ ನೇರ ಕಿವಿಗೇ ಹೊಕ್ಕಿತು. ಹಿಂದಿನ ರಾತ್ರಿ ತುಮಕೂರಿನಲ್ಲಿ ರೈಲು ಹತ್ತುವಾಗ ಮಗಳು ಕೊಟ್ಟ ಸ್ವೆಟರನ್ನು "ನನಗೇನು ಅಷ್ಟು ವಯಸ್ಸಾಯ್ತಾ?" ಎಂದು ಅವಳ ಕೈಗೇ ತುರುಕಿ ಬಂದಿದ್ದೆ. ಸಂಕ್ರಾಂತಿ ಕಳೆದ ವಾರ ಬೆಳಗಾವಿಗೆ ಸ್ವೆಟರಿಲ್ಲದೆ ಹೋಗುವವರಿಗೆ ತಲೆ ಸರಿಯಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ, ಓದಿದವರಾದರೂ ಹುಷಾರಾಗಲಿ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಆಟೋ ಹಿಡಿದೆ. ರಾಮತೀರ್ಥ ನಗರಕ್ಕೆ ನೂರಾ ಐವತ್ತು ಕೇಳಿದ, ಚಳಿಗೆ ಹಲ್ಲು ಕಟಕಟಿಸುವಾಗ ಚೌಕಾಸಿ ಎಲ್ಲಿಂದ, ಆಯಿತು ಎಂದೆ.

ನಾನು ಹೋದದ್ದು ಊರು ನೋಡಲಿಕ್ಕಲ್ಲ. ಕೂಲಿ ನಾಲಿ ಮಾಡುವ ಗಂಡ ಹೆಂಡಿರಿಗೆ ಒಂದು ಸಂಸ್ಥೆಯವರು ವಾರಕ್ಕೊಂದು ತರಗತಿ ನಡೆಸುತ್ತಾರೆ. ಕಿರುಚಾಡದೆ ಒಬ್ಬರಿಗೊಬ್ಬರು ಮಾತಾಡುವುದು ಹೇಗೆ, ಹೊಡೆಯದೆ ಮಕ್ಕಳನ್ನು ಬೆಳೆಸುವುದು ಹೇಗೆ, ಇಂಥವು. ವರ್ಷ ತುಂಬಿತು, ಇದರಿಂದ ಉಪಯೋಗವಾಯಿತೋ ಇಲ್ಲವೋ ಎಂದು ನೋಡಿ ಹೇಳಲು ಹೊರಗಿನವರೊಬ್ಬರು ಬೇಕು ಎಂದರು. ಕಾಲೇಜಿನಲ್ಲಿ ಸಮಾಜಕಾರ್ಯ ಪಾಠ ಹೇಳಿ ನಿವೃತ್ತಳಾದ ನನ್ನನ್ನು ಹಿಡಿದರು. ನೋಡಬೇಕು, ಕೇಳಬೇಕು, ಬರೆದುಕೊಳ್ಳಬೇಕು, ಮಧ್ಯೆ ಮೂಗು ತೂರಿಸಬಾರದು ಎಂಬುದು ಈ ಕೆಲಸದ ಕಟ್ಟಳೆ. ನನ್ನನ್ನು ಬಲ್ಲವರಿಗೆ ಆ ಕೊನೆಯದು ನನಗೆಷ್ಟು ಕಷ್ಟ ಎಂದು ಗೊತ್ತೇ ಇದೆ.

ದಾರಿಯಲ್ಲಿ ಆಟೋದವನಿಗೆ ಬಂದ ಕಾರಣ ಹೇಳಿದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, "ಲಗ್ನ ಆದಮ್ಯಾಲೆ ಸಾಲಿಗೆ ಹಾಕಾಕತ್ತಾರೇನ್ರಿ ಮೇಡಂ? ಅದಕ್ಕಿಂತ ಮೊದಲ ಹಾಕಬೇಕಿತ್ತು," ಎಂದ. ಮೊದಲ ದಿನದ ಮೊದಲ ಅಭಿಪ್ರಾಯ ಇದೇ ಎಂದು ಬರೆದುಕೊಂಡೆ.

ರಾಮತೀರ್ಥ ನಗರದ ಸಭಾಭವನದಲ್ಲಿ ತರಗತಿ. ಸುತ್ತಲಿನ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸರು, ಬಣ್ಣ ಹೊಡೆಯುವವರು, ಗಾರೆ ಕೆಲಸದವರು ಬಂದಿದ್ದರು. ನಡೆಸಿಕೊಡುವವಳು ಸುಜಾತಾ, ಮೂವತ್ತೈದರ ಆಸುಪಾಸು, ಖಾನಾಪುರದ ಹುಡುಗಿ. ಕನ್ನಡದಲ್ಲಿ ಶುರುಮಾಡಿದ ವಾಕ್ಯವನ್ನು ಮರಾಠಿಯಲ್ಲಿ ಮುಗಿಸಿ, ಯಾರಿಗೂ ಅದು ಗೊತ್ತೇ ಆಗದಂತೆ ಮುಂದೆ ಹೋಗುತ್ತಾಳೆ. ಶೇಂಗಾ ಹಾಕಿದ ಅವಲಕ್ಕಿ, ಚಹಾ ಕೊಟ್ಟು ನನ್ನನ್ನು ಮೂಲೆಯಲ್ಲಿ ಕೂರಿಸಿದಳು.

ಅಂದಿನ ಪಾಠ, ಮಕ್ಕಳನ್ನು ಗಂಡ ಹೆಂಡಿರ ನಡುವಿನ ಟಪಾಲು ಮಾಡಬೇಡಿ ಎಂಬುದು. ಸುಜಾತಾ ಇಬ್ಬರನ್ನು ಎಬ್ಬಿಸಿ ನಿಲ್ಲಿಸಿ ಗಂಡ ಹೆಂಡತಿಯ ಆಟ ಆಡಿಸಿದಳು. ಒಬ್ಬಾಕೆ ಗೋಡೆ ಕಡೆ ತಿರುಗಿ, ಅಲ್ಲಿಲ್ಲದ ಮಗಳನ್ನು ಕರೆದು, "ಪಾರ್ವತೀ, ನಿಮ್ಮಪ್ಪಗ ಹೇಳು, ಗ್ಯಾಸ್ ಮುಗದೈತಿ, ಮತ್ತ ರೊಕ್ಕನೂ ಮುಗದೈತಿ, ನನ್ನ ತಾಳ್ಮಿನೂ ಮುಗದೈತಿ," ಎಂದಳು. ಸಭಾಭವನ ಬಿದ್ದು ಬಿದ್ದು ನಕ್ಕಿತು. ಸುಜಾತಾ ಹೇಳಿದಳು, "ನಿಮ್ಮ ಸಿಟ್ಟು ನೀವ ಹೊತ್ಕೋರಿ. ಕೂಸಿನ ತಲಿ ಮ್ಯಾಲೆ ಯಾಕ ಹೊರಸ್ತೀರಿ?" ನಗು ನಿಂತಿತು. ಹಿಂದೆ ಕೂತಿದ್ದ ಗಾರೆ ಕೆಲಸದವನೊಬ್ಬ ತಲೆ ಕೆಳಗೆ ಹಾಕಿದ. ಒಳ್ಳೆಯ ಪಾಠ, ಚೆನ್ನಾಗಿ ಹೇಳಿದ ಪಾಠ. ನನಗೆ ಬಹಳ ಹಿಡಿಸಿತು.

ಸಂಜೆ ಸುಜಾತಾಳ ಸ್ಕೂಟರಿನ ಹಿಂದೆ ಕೂತು ಕೋಟೆಗೆ ಹೋದೆ. ಕಮಲ ಬಸದಿಯಲ್ಲಿ ತಣ್ಣನೆಯ ಕಲ್ಲಿನ ಮೇಲೆ ಕೂತಾಗ ಅವಳು, "ನಾಳೆ ಖಾನಾಪುರದಾಗ ನಿಮಗ ಒಂದು ಮನಿ ತೋರಸ್ತೀನ್ರಿ. ಟಪಾಲು ಪಾಠ ಅಲ್ಲಿ ಹೋದ ತಿಂಗಳ ಆಗೇತಿ. ಆವತ್ತಿನಿಂದ ಅವರು ಮಗಳ ಕೈಯಾಗ ಒಂದ ಮಾತನೂ ಹೇಳಿ ಕಳಿಸಿಲ್ಲ," ಎಂದಳು. ಹೆಮ್ಮೆ ಮುಖದಲ್ಲೇ ಕಾಣುತ್ತಿತ್ತು. ಹಿಂದಿರುಗುವಾಗ ಬೆಳಗಾವಿಯ ಸಿಹಿ, ಕುಂದಾ ಕೊಡಿಸಿದಳು. ಮನೆಗೆಂದು ಕಟ್ಟಿಸಿದ್ದರಲ್ಲಿ ಅರ್ಧ ಅಂದೇ ಖಾಲಿಯಾಯಿತು, ಇದನ್ನು ಮನೆಯವರು ಓದದಿದ್ದರೆ ಸಾಕು.

ಶನಿವಾರ ಬೆಳಿಗ್ಗೆ ಕೆಂಪು ಬಸ್ಸು. ಹೆಂಗಸರಿಗೆ ದುಡ್ಡಿಲ್ಲದ ಟಿಕೆಟ್. ಆಧಾರ್ ಕಾರ್ಡಿಗಾಗಿ ನಾನು ಚೀಲವನ್ನೆಲ್ಲ ತೊಡೆಯ ಮೇಲೆ ಸುರಿದುಕೊಂಡು ಹುಡುಕುವವರೆಗೆ ಕಂಡಕ್ಟರ್ ಕಂಬದ ಹಾಗೆ ನಿಂತಿದ್ದ. ಇಪ್ಪತ್ತೈದು ಕಿಲೋಮೀಟರಿನ ಮೇಲೆ ಸ್ವಲ್ಪ. ಮುಕ್ಕಾಲು ಗಂಟೆಯೊಳಗೆ ಮಲಪ್ರಭೆಯ ಸೇತುವೆ ದಾಟಿ ಇಳಿದೆವು. ಊರಂಚಿನಲ್ಲಿ ಇಟ್ಟಿಗೆ ಭಟ್ಟಿಗಳು ಹೊಗೆಯಾಡುತ್ತಿದ್ದವು.

ಸುಜಾತಾ ಹೇಳಿದ ಮನೆ ಮಾರುತಿಯದು. ಒಂದೇ ಕೋಣೆ, ಮುಂದೆ ತಗಡಿನ ಪಡಸಾಲೆ. ಮಾರುತಿಗೆ ಭಟ್ಟಿಯಲ್ಲಿ ಕೆಲಸ, ಹಂಗಾಮಿನಲ್ಲಿ ಬೆಂಕಿ ಕಾಯಲು ಮಲಗುವುದೂ ಅಲ್ಲೇ, ಊಟಕ್ಕೆ ಮಾತ್ರ ಮನೆಗೆ. ಹೆಂಡತಿ ರೇಣುಕಾ ಗೇರುಬೀಜ ಸುಲಿಯಲು ಹೋಗುತ್ತಾಳೆ. ಮಾರುತಿಯ ತಾಯಿ ಗಂಗವ್ವ, ಎಂಟು ವರ್ಷದ ಮಗಳು ಸವಿ. ನಾವು ಹೋದಾಗ ಗಂಗವ್ವ ಒಲೆ ಮುಂದೆ ಕೂತಿದ್ದಳು. "ಬರ್ರಿ, ಕುಂದರ್ರಿ," ಎಂದು ಚಾಪೆ ಝಾಡಿಸಿ ಹಾಕಿದಳು.

ಮಾರುತಿ ಊಟಕ್ಕೆ ಬಂದ. ರೇಣುಕಾ ತಾಟಿಟ್ಟಳು. ರೊಟ್ಟಿ, ಕಡಲೆಹಿಟ್ಟಿನ ಝುಣಕ, ಹಸಿ ಉಳ್ಳಾಗಡ್ಡಿ. ಅವನಿಗೆ ಇನ್ನೊಂದು ರೊಟ್ಟಿ ಬೇಕಿತ್ತು, ನನಗೆ ಕಾಣುತ್ತಿತ್ತು. ತಾಟಿನ ಅಂಚನ್ನು ಬೆರಳಿಂದ ತಟ್ಟಿ ಸುಮ್ಮನಾದ. ರೇಣುಕಾ ಬೆನ್ನು ತಿರುಗಿಸಿ ನಿಂತಿದ್ದಳು. ಆತ ಕೈ ತೊಳೆದುಕೊಂಡು, ನನಗೊಂದು ನಮಸ್ಕಾರ ಹಾಕಿ, ಭಟ್ಟಿಗೆ ಹೊರಟುಹೋದ. ಆ ಹೊತ್ತೆಲ್ಲ ಆ ಮನೆಯಲ್ಲಿ ಗಂಡ ಹೆಂಡಿರ ನಡುವೆ ಒಂದಕ್ಷರ ಹೊರಡಲಿಲ್ಲ.

ಪಡಸಾಲೆಯಲ್ಲಿ ಸವಿಯನ್ನು ಕೇಳಿದೆ, "ಅಪ್ಪ ಅಮ್ಮ ಈಗ ನಿನ್ನ ಕೈಲಿ ಹೇಳಿ ಕಳಿಸೋದಿಲ್ಲವಂತಲ್ಲ, ಹೌದಾ?"

"ಇಲ್ರಿ," ಎಂದಳು.

"ಮತ್ತೆ ಅವರೇ ಮಾತಾಡ್ಕೋತಾರಾ?"

ಹುಡುಗಿ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು. "ಅವರು ಹೆಂಗ ಮಾತಾಡ್ತಾರ್ರಿ? ಆಯಿ ಇರತಾಳಲ್ಲ." ಆಯಿ ಎಂದರೆ ಅಜ್ಜಿ, ಗಂಗವ್ವ.

ಆಗ ನನಗೆ ಅರ್ಥವಾಯಿತು. ಅತ್ತೆಯ ಎದುರಿಗೆ ಸೊಸೆ ಗಂಡನ ಜೊತೆ ನೇರ ಮಾತಾಡುವುದಿಲ್ಲ, ಅವನೂ ತಾಯಿಯ ಎದುರಿಗೆ ಹೆಂಡತಿಯನ್ನು ಕರೆಯುವುದಿಲ್ಲ. ಎಲ್ಲ ಮನೆಗಳಲ್ಲೂ ಈಗ ಹೀಗಿಲ್ಲ, ಈ ಮನೆಯಲ್ಲಿ ಉಳಿದಿತ್ತು. ಸವಿ ಹುಟ್ಟುವ ಮೊದಲು ನಾದಿನಿ ಇದ್ದಳಂತೆ, ಅವಳ ಮೂಲಕ. ಸವಿಗೆ ಮಾತು ಬಂದ ಮೇಲೆ ಸವಿಯ ಮೂಲಕ. ಅವಳ ಕೈಯಲ್ಲಿ ಹೋಗುತ್ತಿದ್ದದ್ದು ಬರೀ ಜಗಳವಲ್ಲ. ಉಂಡರಾ, ಜ್ವರ ಬಿಟ್ಟಿತಾ, ಹುಷಾರಾಗಿ ಬನ್ನಿ ಎನ್ನುವುದೂ ಅದೇ ದಾರಿಯಲ್ಲಿ ಹೋಗುತ್ತಿತ್ತು. ತರಗತಿಯಲ್ಲಿ ತಪ್ಪು ಎಂದರು, ಇವರು ಪಾಪ ಅಂದಿನಿಂದಲೇ ಬಿಟ್ಟರು. ಫೋನು ಇತ್ತು, ಒಂದೇ ಒಂದು, ಅದು ಮಾರುತಿಯ ಜೇಬಿನಲ್ಲಿ. ನನ್ನ ಚೀಲದಲ್ಲಿದ್ದ ಹಾಳೆಯಲ್ಲಿ 'ಮಕ್ಕಳ ಮೂಲಕ ಮಾತು ಕಳಿಸುವುದು ನಿಂತಿದೆಯೇ' ಎಂಬ ಪ್ರಶ್ನೆಯಿತ್ತು. ಈ ಮನೆಗೆ ಪೂರ್ತಿ ಅಂಕ ಕೊಡಬೇಕಿತ್ತು. ನನಗೆ ಆ ಹಾಳೆಯ ಮೇಲೆ, ಅದನ್ನು ಬರೆದವರ ಮೇಲೆ, ಬರೆಯುವಾಗ ಜೊತೆಗೆ ಕೂತಿದ್ದ ನನ್ನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು.

ರೇಣುಕಾ ನದಿಗೆ ಬಟ್ಟೆ ಒಗೆಯಲು ಹೊರಟಳು, ನಾನೂ ಹಿಂದೆ ಹೋದೆ. ಕಲ್ಲಿನ ಮೇಲೆ ಬಟ್ಟೆ ಇಟ್ಟು ಅವಳೇ ಬಾಯಿ ತೆರೆದಳು.

"ಸೋಮವಾರ ಗೋವಾಕ್ಕ ಹೊಂಟೀನ್ರಿ ಅಕ್ಕಾರ. ನಮ್ಮಣ್ಣ ಮಡಗಾಂವದಾಗ ಹಾಸ್ಟೆಲ್ ಅಡಗಿ ಕೆಲಸ ನೋಡ್ಯಾನ. ಸವಿನ್ನೂ ಕರಕೊಂಡು ಹೋಗ್ತೀನಿ."

"ಗಂಡನಿಗೆ ಹೇಳಿದೀಯಾ?"

"ಹೆಂಗ ಹೇಳ್ಲಿ? ಸವಿ ಕೈಯಾಗ ಹೇಳೂದು ಬಿಟ್ಟೀವಲ್ಲ. ಬಾಜೂ ಮನಿಯವ್ರು ಸವಿ ಅಪ್ಪಗ ಹೇಳ್ಯಾರಂತ. ಅವರಿಗೆ ಗೊತ್ತೈತಿ. ಗೊತ್ತಿದ್ದೂ ಒಂದ ಮಾತು ಕೇಳ್ಲಿಲ್ಲ."

"ಅವನನ್ನ ಬಿಟ್ಟೇ ಹೋಗ್ತೀಯಾ?"

ಅವಳು ಸೀರೆಯನ್ನು ಕಲ್ಲಿಗೆ ಬಡಿದಳು. "ಅವರು ಕೇಳ್ಲಿ ಮೊದಲ. ಅವರ ಮುಂದ ಹೇಳೂ ಮಾತು ನಿಮ್ಮ ಮುಂದ ಹೆಂಗ ಹೇಳ್ಲಿ? ನಾಳೆ ತನಕ ನೋಡ್ತೀನಿ." ಅಲ್ಲಿಗೆ ಮಾತು ಮುಗಿಯಿತು.

ಸುಜಾತಾಳಿಗೆ ಹೇಳಿದೆ. ಅವಳ ಮುಖ ಇಳಿದುಹೋಯಿತು. "ನಾನೂ ಇದ ಊರಾಗ ಬೆಳದಾಕಿ. ನಮ್ಮವ್ವನೂ ನನ್ನ ಕೈಯಾಗ ಹೇಳಿ ಕಳಸ್ತಿದ್ಳು. ಪುಸ್ತಕದಾಗ ಇದ್ದದ್ದು ಹೇಳಿ ಬಂದೆ, ನಮ್ಮನಿ ನೆನಪ ಆಗಲಿಲ್ಲ ನೋಡ್ರಿ," ಎಂದು ಕಣ್ಣೊರೆಸಿಕೊಂಡಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. "ನಾಳೆ ತರಗತಿಗೆ ಗಂಗವ್ವನನ್ನ ಕರಿ," ಎಂದೆ. ಮೂಗು ತೂರಿಸಿದ್ದಾಯಿತು. ಅವಳು, "ಅತ್ತಿಯಾರನ್ನ ನಾವು ಯಾವತ್ತೂ ಕರದಿಲ್ರಿ, ಅವರು ಇದ್ರ ಯಾರೂ ಬಾಯಿ ಬಿಡಂಗಿಲ್ಲ ಅಂತ," ಎಂದಳು. "ಈಗ ಯಾರು ಬಿಡ್ತಿದಾರೆ?" ಎಂದೆ.

ಭಾನುವಾರ ಭಟ್ಟಿಗೆ ರಜೆ. ಶಾಲೆಯ ಕೋಣೆಯಲ್ಲಿ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಮಕ್ಕಳು ಹೊರಗೆ ಆಡುತ್ತಿದ್ದರು. ಸುಜಾತಾ ಗಂಗವ್ವನ ಕೈ ಹಿಡಿದು ಕರೆತಂದು ಮುಂದೆ ಕೂರಿಸಿದ ಕೂಡಲೇ ಕೋಣೆ ಗಪ್ಪಾಯಿತು. ರೇಣುಕಾ ಸೆರಗು ಸರಿಮಾಡಿಕೊಂಡಳು.

ಸುಜಾತಾ ಸುತ್ತಿ ಬಳಸಲಿಲ್ಲ. "ಮಕ್ಕಳ ಕೈಯಾಗ ಹೇಳಿ ಕಳಸಬ್ಯಾಡ್ರಿ ಅಂದೆ. ಹಿರ್ಯಾರ ಮುಂದ ಹೆಂಗ ಮಾತಾಡಬೇಕು ಅಂತ ಹೇಳಲಿಲ್ಲ. ತಪ್ಪು ನಂದು," ಎಂದಳು. ಆಮೇಲೆ ಗಂಗವ್ವ ಕೂತಲ್ಲಿಂದಲೇ ಕೇಳಿದಳು, "ಅಂದ್ರ ಇವರು ತಿಂಗಳಿಂದ ಮಾತಾಡದ್ದು ನನ್ನ ಸಲುವಾಗೇನು?"

ಮಾರುತಿ ನೆಲ ನೋಡುತ್ತಿದ್ದ. ಗಂಗವ್ವ ಹೇಳಿದಳು. "ನಾ ಜಗಳ ಆಡ್ಯಾರ ಅನಕೊಂಡಿದ್ದೆ. ನಮ್ಮತ್ತಿ ಇರೂತನಕ ನಾನೂ ನಮ್ಮ ಮನಿಯವ್ರ ಜೋಡಿ ಮಾತಾಡಲಿಲ್ಲ. ಆಕಿ ಸತ್ತಳು, ಆಮ್ಯಾಲೆ ಮಾತಾಡಬೋದಿತ್ತು. ಅಷ್ಟೊತ್ತಿಗೆ ನಮಗಿಬ್ರಿಗೂ ರೂಢಿ ತಪ್ಪಿತ್ತು. ಎದರಾ ಬದರಾ ಕುಂತು ಏನ ಹೇಳಬೇಕು ತಿಳಿತಿದ್ದಿಲ್ಲ. ಅವರು ಜೀವ ಬಿಡುಮುಂದೂ ಏನೋ ಹೇಳಾಕ ಬಂದ್ರು, ಮಾರುತಿನ್ನ ಕರಿ ಅಂದ್ರು. ಮಾರುತಿ ಬರೂದ್ರಾಗ ಹೋದ್ರು." ಮೂಗು ಸೆರಗಿನಲ್ಲಿ ಒರೆಸಿಕೊಂಡು, ಮಗನ ಕಡೆ ತಿರುಗಿದಳು. "ಏನ ಕೇಳೂದೈತಿ ಕೇಳು. ನಾ ಇಲ್ಲೇ ಕುಂತಿರತೀನಿ."

ಮಾರುತಿ ಎದ್ದು ನಿಂತ. ಇಟ್ಟಿಗೆ ಹೊತ್ತು ದಪ್ಪವಾದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಹಿಂದೆ ಕಟ್ಟಿಕೊಂಡ. ಹೆಂಡತಿಯನ್ನು ನೋಡದೆ ಕಿಟಕಿ ಕಡೆ ನೋಡಿ, "ಗೋವಾಕ್ಕ ಹೊಂಟೀ ಅಂತ ಕೇಳೀನಿ. ಖರೇನು?" ಎಂದ.

ರೇಣುಕಾ ಸುಜಾತಾಳ ಕಡೆ ತಿರುಗಿ, "ಅವರಿಗೆ ಹೇಳ್ರಿ ಅಕ್ಕಾರ…" ಎಂದು ಶುರುಮಾಡಿದಳು.

"ಅಂವಗ ನೀನ ಹೇಳವ್ವಾ," ಎಂದಳು ಗಂಗವ್ವ. ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ.

ರೇಣುಕಾ ಅತ್ತೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಗಂಡನ ಮುಖ ನೋಡಿ ಹೇಳಿದಳು. "ಖರೇ. ಮಳಿ ಹತ್ತಿದ್ರ ನಿಮಗ ಭಟ್ಟಿ ಕೆಲಸ ಇರೂದಿಲ್ಲ. ಅಲ್ಲಿ ಹಾಸ್ಟೆಲ್‌ದಾಗ ವಾಚ್‌ಮನ್ ಬೇಕಂತ, ಇರಾಕ ಎರಡು ಖೋಲಿ ಕೊಡ್ತಾರಂತ. ನೀವೂ ಬರ್ರಿ, ಅತ್ತಿಯವ್ರೂ ಬರ್ಲಿ ಅಂತ ಹೇಳೂದಿತ್ತು. ಹೇಳಾಕ ಯಾರಿದ್ರು?"

ನಾನು ಪೆನ್ನು ಕೆಳಗಿಟ್ಟೆ. ಅವಳು ಗಂಡನನ್ನು ಬಿಟ್ಟು ಹೋಗುತ್ತಾಳೆಂದೇ ನಿನ್ನೆಯಿಂದ ನಾನು ತಿಳಿದಿದ್ದೆ, ಮಾರುತಿಯೂ ಹಾಗೇ ತಿಳಿದಿದ್ದ. ಅವನು ಕಿಟಕಿಯಿಂದ ಅವಳ ಕಡೆ ತಿರುಗಿದ.

"ನೀ ಇದ್ದ್ಯಲ್ಲ," ಎಂದ.

ಗಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನದ ಬಸ್ಸಿಗೆ ಬೆಳಗಾವಿಗೆ ಹೊರಟೆ, ರಾತ್ರಿ ರೈಲಿತ್ತು. ವರದಿಯಲ್ಲಿ ಏನು ಬರೆಯಬೇಕೆಂದು ಸುಜಾತಾ ಕೇಳಲಿಲ್ಲ. ತರಗತಿ ಮುಂದುವರಿಯಲಿ, ಅತ್ತೆಯರನ್ನೂ ಕರೆಯಿರಿ ಎಂದು ಬರೆಯುತ್ತೇನೆ ಎಂದು ನಾನೇ ಹೇಳಿದೆ. ಬಸ್ಸು ಪೇಟೆಯ ತಿರುವಿನಲ್ಲಿ ನಿಧಾನವಾದಾಗ ಕಿಟಕಿಯಿಂದ ಅವರು ಕಂಡರು. ಸವಿ ಆಯಿಯ ಕೈ ಹಿಡಿದು ಮುಂದೆ ಹೋಗುತ್ತಿದ್ದಳು. ಹಿಂದೆ ರಸ್ತೆಯ ನಡುವೆ ಮಾರುತಿ, ರೇಣುಕಾ ಎದುರಾಬದುರು ನಿಂತು ಜಗಳವಾಡುತ್ತಿದ್ದರು. ಸೋಮವಾರವೇ ಹೋಗಬೇಕೆಂದು ಇವಳು, ಭಟ್ಟಿಯ ಹಂಗಾಮು ಮುಗಿಯಲಿ ಎಂದು ಅವನು. ಬಸ್ಸಿನ ಸದ್ದಿನಲ್ಲೂ ಇಬ್ಬರ ದನಿಯೂ ಕೇಳಿಸುತ್ತಿತ್ತು. ಮುಂದೆ ಹೋಗುತ್ತಿದ್ದ ಗಂಗವ್ವ ತಿರುಗಿಯೂ ನೋಡಲಿಲ್ಲ.