ಶಾಲನಕ್ಕನ ಸಾಬೂನು

ಗಡಹಿಂಗ್ಲಜದ ಶಾಲನಕ್ಕನ ಮನೆಗೆ ಹೋದವರಿಗೆ ಕೈಗೆ ಚಹಾ ಬರುವ ಮೊದಲು ಮೂಗಿಗೆ ಸಾಬೂನು ಬರುತ್ತದೆ. ಪೇಟೆಯ ಸಾಬೂನಿನಲ್ಲಿ ಯಾವ ಪ್ರಾಣಿಯ ಕೊಬ್ಬಿದೆಯೋ ಎಂಬ ಜೈನ ಮನಸ್ಸಿನ ಅನುಮಾನದಿಂದ ಶುರುವಾದ ಕೆಲಸ ಈಗ ಅವಳಿಗೆ ಹುಚ್ಚೇ ಆಗಿದೆ. ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು, ಒಂದಿಷ್ಟು ಸುಗಂಧದೆಣ್ಣೆ ಬೆರೆಸಿ, ಜುಣಕಕ್ಕೆ ಕಡಲೆಹಿಟ್ಟು ತಿರುವಿದಂತೆ ತಿರುವಿ, ಶ್ರೀಖಂಡದ ಖಾಲಿ ಡಬ್ಬಿಗಳಿಗೆ ಸುರಿದು ಹಲಗೆಯ ಮೇಲೆ ಸಾಲಾಗಿ ಇಡುತ್ತಾಳೆ. ಯಾರಾದರೂ ಕೈ ಚಾಚಿದರೋ, "ಹಸೀ ಬಾಣಂತಿ ಐತ್ರಿ ಅದು, ನಲವತ್ತ ದಿನ ಮುಟ್ಟಬ್ಯಾಡ್ರಿ!" ಎಂದು ಗದರುತ್ತಾಳೆ. ಗೋಕುಳ ಶಿರಗಾಂವದ ಫೌಂಡ್ರಿಯಿಂದ ವಾರಕ್ಕೊಮ್ಮೆ ಮಸಿಮೈಯಲ್ಲಿ ಬರುವ ಗಂಡ ಜಿನಗೊಂಡ ಅದನ್ನು ಉಜ್ಜಿಕೊಂಡು ಮದುಮಗನಾಗಿ ಬಚ್ಚಲಿನಿಂದ ಹೊರಬರುತ್ತಾನೆಂದು ಓಣಿಯೆಲ್ಲ ನಗುತ್ತದೆ. ಆದರೆ ಸಾಬೂನಿನ ವಾಸನೆ ಹೇಗಿದೆಯೆಂದು ಹೇಳದೆ ಯಾರಿಗೂ ಬಿಡುಗಡೆಯಿಲ್ಲ. "ಚಲೋ ಐತ್ರಿ" ಎಂದರೆ ಸಾಲದು, "ಚಲೋ ಅಂದ್ರ ಹೆಂಗ? ಬರೋಬರ್ ಹೇಳ್ರಿ!" ಎಂದು ಮತ್ತೆ ಮೂಗಿಗೆ ಹಿಡಿಯುತ್ತಾಳೆ. ಮೊನ್ನೆ ನೆರೆಮನೆಯ ಅಕ್ಕವ್ವ ಎರಡು ಸಲ ಮೂಸಿ, "ನಿಮ್ಮ ಜೈನ ಬಸ್ತಿಯೊಳಗ ಗಂಧ ತೇದಂಗ ಐತಿ, ಮ್ಯಾಲ ಒಂದೀಟ ನಿಂಬಿ ಸಿಪ್ಪಿ ಹಿಂಡಿದಂಗ" ಎಂದಳು. ಕೊರೋನಾ ಜ್ವರದಲ್ಲಿ ಹೋದ ವಾಸನೆ ಇಂದಿಗೂ ಮೂಗಿಗೆ ಮರಳಿರದ ಶಾಲನಕ್ಕ ಕಣ್ಣು ಮುಚ್ಚಿಕೊಂಡು ಹೇಳಿದಳು: "ಸಾವಕಾಶ, ಇನ್ನೊಮ್ಮಿ ಹೇಳವಾ."